ಐಸ್ ಮತ್ತು ಬಿಯರ್: ಅಮೆರಿಕಕ್ಕೆ ಬಂದ ಜರ್ಮನ್ ವಲಸಿಗನ ಕಸುಬಿನ ಜಾಡು ಹಿಡಿಯುವುದು ಹೇಗೆ

ಅಮೆರಿಕದ ಹಳೆಯ ಊರುಗಳ ಚರಿತ್ರೆ ಓದುವ ಚಟ ಇದ್ದವರಿಗೆ ಈ ಥರದ ಹೆಸರು ಒಂದಲ್ಲ ಒಂದು ಕಡೆ ಸಿಕ್ಕೇ ಸಿಗುತ್ತದೆ: ಹೂಸ್ಟನ್ ಐಸ್ ಆಂಡ್ ಬ್ರೂಯಿಂಗ್ ಕಂಪನಿ. ಐಸೂ ಬಿಯರೂ ಒಂದೇ ಬೋರ್ಡಿನ ಮೇಲೆ. 19ನೇ ಶತಮಾನದ ಕೊನೆಯಲ್ಲಿ ಇಂಥ ಕಂಪನಿಗಳು ಎಷ್ಟೋ ಊರುಗಳಲ್ಲಿ ಇದ್ದವು. ಅವುಗಳ ಹಿಂದೆ ಬಹಳ ಸಲ ಬಾಡೆನ್‌ನಿಂದಲೋ ವುರ್ಟೆಂಬರ್ಗ್‌ನಿಂದಲೋ ಬವೇರಿಯಾದಿಂದಲೋ ಬಂದ ಒಬ್ಬ ಜರ್ಮನ್ ಇರುತ್ತಿದ್ದ. ಬುಷ್, ಪ್ಯಾಬ್ಸ್ಟ್ ಥರದ ದೊಡ್ಡ ಬಿಯರ್ ಮಾಲೀಕರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಸಣ್ಣ ಊರಿನವನ ಬಗ್ಗೆ ಸಿಗುವುದು ಒಂದು ಹೆಸರು, ಒಂದು ಮಸುಕು ಫೋಟೋ, ‘ಈ ಭಾಗದಲ್ಲಿ ಮೊದಲು ಐಸ್ ಮಾಡಿದವನು’ ಅನ್ನುವ ಒಂದು ಸಾಲು. ಅಷ್ಟನ್ನೇ ಹಿಡಿದುಕೊಂಡು ಅವನ ಮೂವತ್ತು ನಲವತ್ತು ವರ್ಷದ ಕೆಲಸವನ್ನು ಕಟ್ಟಿ ನಿಲ್ಲಿಸುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಬಹುಪಾಲು ಕೂತಲ್ಲೇ ಆಗುವ ಕೆಲಸ, ದುಡ್ಡೂ ಜಾಸ್ತಿ ಬೇಕಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಮನುಷ್ಯನ ಹಿಂದೆ ಹೋಗುತ್ತಾರೆ. ನೀವು ಮೆಷಿನ್ ಹಿಂದೆ ಹೋಗಿ. ಮನುಷ್ಯನ ಹೆಸರು ದಾಖಲೆಯಿಂದ ದಾಖಲೆಗೆ ಬದಲಾಗುತ್ತದೆ, ವಯಸ್ಸು ಬದಲಾಗುತ್ತದೆ, ಹುಟ್ಟಿದ ಊರಂತೂ ಕೇಳಲೇಬೇಡಿ. ಆದರೆ ಇಪ್ಪತ್ತು ಟನ್ನಿನ ಐಸ್ ಮೆಷಿನ್ ಎಲ್ಲಿ ಅಡಗುತ್ತದೆ ಹೇಳಿ? ಅದನ್ನು ಮಾರಿದ ಕಂಪನಿ ಪೇಪರಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತದೆ, ವಿಮೆಯವರು ಅದನ್ನು ನಕ್ಷೆಯಲ್ಲಿ ಬರೆದಿಡುತ್ತಾರೆ, ಅದಕ್ಕಾಗಿ ಮಾಡಿದ ಸಾಲ ಕಚೇರಿಯಲ್ಲಿ ದಾಖಲಾಗುತ್ತದೆ, ಒಂದು ದಿನ ಪೈಪು ಒಡೆದು ಅದರೊಳಗಿನ ತಂಪು ಮಾಡುವ ಅನಿಲ ಅಮೋನಿಯಾದ ವಾಸನೆ ಬೀದಿಗೆ ಬಂದರೆ ಮರುದಿನದ ಪತ್ರಿಕೆಯಲ್ಲಿ ಸುದ್ದಿ.

ಬಿಯರಿಗೆ ಐಸ್ ಯಾಕೆ ಬೇಕಿತ್ತು

ಇದು ಗೊತ್ತಿಲ್ಲದೆ ದಾಖಲೆ ತೆರೆದರೆ ಏನೂ ಅರ್ಥವಾಗುವುದಿಲ್ಲ. ಜರ್ಮನ್ನರು ತಂದದ್ದು ಲಾಗರ್ ಬಿಯರ್. ಅದರ ಯೀಸ್ಟ್ ತಳದಲ್ಲಿ ಕೂತು ಕೆಲಸ ಮಾಡುವ ಜಾತಿ, ಅದಕ್ಕೆ ಸುಮಾರು 6ರಿಂದ 10 ಡಿಗ್ರಿ ಸೆಲ್ಸಿಯಸ್ ಚಳಿ ಬೇಕು. ಆಮೇಲೆ ಬಿಯರನ್ನು ಸೊನ್ನೆಯ ಹತ್ತಿರದ ತಣ್ಣನೆಯ ಜಾಗದಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಇಡಬೇಕು. ಬವೇರಿಯಾದಲ್ಲಿ 1553ರಲ್ಲೇ ಆಜ್ಞೆ ಹೊರಟಿತ್ತು: ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಬಿಯರ್ ಮಾಡಬೇಕು, ಬೇಸಿಗೆಯಲ್ಲಿ ಕೂಡದು. ಈ ಯೀಸ್ಟನ್ನು ಜಾನ್ ವ್ಯಾಗ್ನರ್ ಅನ್ನುವವನು 1840ರಲ್ಲಿ ಫಿಲಡೆಲ್ಫಿಯಾಕ್ಕೆ ತಂದ ಅಂತ ಬಿಯರ್ ಚರಿತ್ರೆ ಬರೆಯುವವರು ಹೇಳುತ್ತಾರೆ. ಅಲ್ಲಿಂದ ಮುಂದೆ ಲಾಗರ್ ಮಾಡಲು ಹೊರಟವರಿಗೆಲ್ಲ ಒಂದೇ ತಲೆನೋವು, ಬೇಸಿಗೆಯಲ್ಲಿ ಚಳಿ ಎಲ್ಲಿಂದ ತರುವುದು?

ಮಿಲ್‌ವಾಕೀಯವರಿಗೆ ಮಿಷಿಗನ್ ಸರೋವರವೂ ಸುತ್ತಲಿನ ಕೆರೆಗಳೂ ಇದ್ದವು, ಚಳಿಗಾಲದಲ್ಲಿ ಐಸ್ ಕೊಯ್ದು ಮರದ ಹೊಟ್ಟು ತುಂಬಿದ ಐಸ್‌ಹೌಸ್‌ಗಳಲ್ಲಿ ಇಡುತ್ತಿದ್ದರು. ಸೇಂಟ್ ಲೂಯಿಸ್‌ನವರಿಗೆ ಊರಿನ ಕೆಳಗೆ ಸುಣ್ಣಕಲ್ಲಿನ ಗುಹೆಗಳಿದ್ದವು. 1838ರಲ್ಲಿ ಬಂದ ಆಡಮ್ ಲೆಂಪ್ ಅಂಥ ಗುಹೆಯಲ್ಲೇ ಬಿಯರ್ ಇಟ್ಟ. ಟೆಕ್ಸಸ್, ಲೂಯಿಸಿಯಾನದಂಥ ಕಡೆ ಎರಡೂ ಇಲ್ಲ. ಅಲ್ಲಿಗೆ ಉತ್ತರದಿಂದ ಹಡಗಿನಲ್ಲಿ ಐಸ್ ಬರುತ್ತಿತ್ತು, 1861ರಲ್ಲಿ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾದ ಮೇಲೆ ಅದೂ ನಿಂತಿತು. ಫ್ರಾನ್ಸಿನ ಫರ್ಡಿನಾಂಡ್ ಕ್ಯಾರೆ ಮಾಡಿದ ಅಮೋನಿಯಾ ಮೆಷಿನನ್ನು ನೌಕಾ ದಿಗ್ಬಂಧನ ತಪ್ಪಿಸಿ ಸ್ಯಾನ್ ಆಂಟೋನಿಯೋಗೆ ತಂದದ್ದು ಆ ಗಡಿಬಿಡಿಯಲ್ಲೇ. ಅಮೆರಿಕದಲ್ಲಿ ಐಸ್ ಮೆಷಿನ್ ವ್ಯಾಪಾರ ದಕ್ಷಿಣದಲ್ಲಿ ಬೇಗ ಬೇರು ಬಿಡಲು ಕಾರಣ ಇದು. ಆದ್ದರಿಂದ ನಿಮ್ಮ ಮನುಷ್ಯ ಮಿಲ್‌ವಾಕೀಯವನಾದರೆ 1870ರಲ್ಲಿ ಮೆಷಿನ್ ಹುಡುಕಬೇಡಿ, ಐಸ್‌ಹೌಸ್ ಹುಡುಕಿ. ಟೆಕ್ಸಸ್‌ನವನಾದರೆ ಮೆಷಿನ್ನಿನಿಂದಲೇ ಶುರು ಮಾಡಿ.

ಇನ್ನೊಂದಿಷ್ಟು ಇಸವಿಗಳು ಕೈಯಲ್ಲಿರಲಿ. ಫ್ಲಾರಿಡಾದ ಅಪಲಾಚಿಕೋಲ ಊರಿನ ಡಾಕ್ಟರ್ ಜಾನ್ ಗೋರಿಗೆ ಐಸ್ ಮೆಷಿನ್ ಪೇಟೆಂಟ್ ಸಿಕ್ಕಿದ್ದು 1851ರಲ್ಲಿ, ಅದರಿಂದ ಅವನಿಗೆ ಕಾಸು ಹುಟ್ಟಲಿಲ್ಲ. ಕ್ಯಾರೆಯ ಮೆಷಿನ್ 1859-60ರದು. ಬ್ರೂಕ್ಲಿನ್‌ನ ಲೀಬ್‌ಮನ್ ಬ್ರೂವರಿ, ಅಂದರೆ ಬಿಯರ್ ಕಾರ್ಖಾನೆ, 1870ರ ಹೊತ್ತಿಗೆ ಆ ಬಗೆಯ ಮೆಷಿನ್ ಹಾಕಿತು. ಜರ್ಮನಿಯಲ್ಲಿ ಕಾರ್ಲ್ ಫಾನ್ ಲಿಂಡೆ 1876ರಲ್ಲಿ ಅಮೋನಿಯಾ ಕಂಪ್ರೆಸರನ್ನು ಹದಕ್ಕೆ ತಂದ. ಅವನ ಬೆನ್ನಿಗೆ ನಿಂತವನೂ ಒಬ್ಬ ಬಿಯರ್ ಮಾಲೀಕನೇ, ಮ್ಯೂನಿಕ್‌ನ ಸ್ಪಾಟೆನ್ ಬ್ರೂವರಿಯ ಗೇಬ್ರಿಯಲ್ ಸೆಡ್ಲ್‌ಮೇಯರ್. ಲಿಂಡೆ ಮೆಷಿನ್ನನ್ನು ಅಮೆರಿಕದಲ್ಲಿ ಮಾರುವ ಹಕ್ಕು ಷಿಕಾಗೋದ ಫ್ರೆಡ್ ವುಲ್ಫ್‌ಗೆ ಸಿಕ್ಕಿತು, ಅವನೂ ಜರ್ಮನ್. ನ್ಯೂಯಾರ್ಕಿನ ಡಿ ಲಾ ವರ್ನ್ ಕಂಪನಿ 1880ರ ದಶಕದಲ್ಲಿ ಬ್ರೂವರಿಗಳಿಗೆ ದೊಡ್ಡ ದೊಡ್ಡ ಮೆಷಿನ್ ಮಾರಿತು. 1889-90ರ ಚಳಿಗಾಲ ಎಷ್ಟು ಬೆಚ್ಚಗಿತ್ತೆಂದರೆ ಕೆರೆ ಐಸಿನ ಬೆಳೆಯೇ ಕೈಕೊಟ್ಟಿತು. ಅಲ್ಲಿಯವರೆಗೆ ಮೆಷಿನ್ ಐಸನ್ನು ಅನುಮಾನದಿಂದ ನೋಡುತ್ತಿದ್ದ ಜನರೂ ಕೊಳ್ಳತೊಡಗಿದರು. ಒಬ್ಬ ಮನುಷ್ಯ 1890ರ ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ಐಸ್ ಫ್ಯಾಕ್ಟರಿ ಹಾಕಿದ್ದು ಕಂಡರೆ ಈ ಬೆಚ್ಚನೆಯ ಚಳಿಗಾಲವನ್ನು ನೆನಪಿಸಿಕೊಳ್ಳಿ.

ಹೆಸರು, ಹಡಗು, ಜನಗಣತಿ

ಈ ಭಾಗ ವಂಶಾವಳಿ ಹುಡುಕುವವರಿಗೆಲ್ಲ ಗೊತ್ತಿರುವಂಥದ್ದು, ಬೇಗ ಮುಗಿಸುತ್ತೇನೆ. ಆದರೆ ಬಿಯರ್-ಐಸ್ ಜನರಿಗೇ ಸಂಬಂಧಪಟ್ಟ ಕೆಲವು ಸುಳಿವುಗಳಿವೆ, ಅವನ್ನು ಬಿಡಬೇಡಿ.

ಹೆಸರಿನ ವಿಷಯ: ಯೋಹಾನ್ ಗೇಯೋರ್ಗ್ ಅಂತ ಚರ್ಚಿನಲ್ಲಿ ಬರೆದಿದ್ದರೆ ಅವನನ್ನು ಕರೆಯುತ್ತಿದ್ದದ್ದು ಎರಡನೇ ಹೆಸರಿನಿಂದ, ಅಮೆರಿಕದಲ್ಲಿ ಅವನು ಜಾರ್ಜ್. ವಿಲ್‌ಹೆಲ್ಮ್ ವಿಲಿಯಂ ಆಗುತ್ತಾನೆ, ಹೈನ್‌ರಿಷ್ ಹೆನ್ರಿ ಆಗುತ್ತಾನೆ. 1829ರಲ್ಲಿ ಪೆನ್ಸಿಲ್ವೇನಿಯಾದ ಪಾಟ್ಸ್‌ವಿಲ್‌ನಲ್ಲಿ ಬ್ರೂವರಿ ತೆರೆದ ಯೂಂಗ್ಲಿಂಗ್‌ನ ಮನೆತನದ ಹೆಸರಿನ ಕಾಗುಣಿತವೇ ಬದಲಾಗಿತ್ತು. ಹಾಗಾಗಿ ಮೂರು ನಾಲ್ಕು ಬಗೆಯಲ್ಲಿ ಹುಡುಕಿ. ‘ಮೂವರು ಅಣ್ಣತಮ್ಮಂದಿರು ಒಟ್ಟಿಗೆ ಹಡಗು ಹತ್ತಿದರು’ ಅನ್ನುವ ಮನೆ ಕಥೆ ಬಂದರೆ ಸುಮ್ನೆ ಕೇಳಿಸಿಕೊಳ್ಳಿ, ಬರೆದುಕೊಳ್ಳಿ, ದಾಖಲೆ ಸಿಗುವವರೆಗೆ ನಂಬಬೇಡಿ.

ಹಡಗಿನ ಪಟ್ಟಿಯಲ್ಲಿ ಹ್ಯಾಂಬರ್ಗಿನದು ಚೆನ್ನಾಗಿ ಉಳಿದಿದೆ, 1850ರಿಂದ 1934ರವರೆಗೆ, ಹತ್ತಿದವನ ಊರಿನ ಹೆಸರೂ ಇರುತ್ತದೆ. ಬ್ರೆಮೆನ್‌ನದು ಬಹುಪಾಲು ನಾಶವಾಗಿದೆ. ಇಳಿದ ಕಡೆ ಅಂದರೆ ಎಲ್ಲರಿಗೂ ಎಲ್ಲಿಸ್ ದ್ವೀಪವೇ ನೆನಪಿಗೆ ಬರುತ್ತದೆ, ಆದರೆ ಅದು ತೆರೆದದ್ದು 1892ರಲ್ಲಿ. ನಿಮ್ಮವನು 1855ರಿಂದ 1890ರ ಮಧ್ಯೆ ನ್ಯೂಯಾರ್ಕಿಗೆ ಬಂದಿದ್ದರೆ ಇಳಿದದ್ದು ಕ್ಯಾಸಲ್ ಗಾರ್ಡನ್‌ನಲ್ಲಿ. ಎಲ್ಲರೂ ನ್ಯೂಯಾರ್ಕಿಗೇ ಬರಲಿಲ್ಲ ಅನ್ನುವುದೂ ನೆನಪಿರಲಿ: 1857ರಲ್ಲಿ ಅಡಾಲ್ಫಸ್ ಬುಷ್ ಸೇಂಟ್ ಲೂಯಿಸ್‌ಗೆ ಹೋದದ್ದು ನ್ಯೂ ಆರ್ಲಿಯನ್ಸ್ ದಾರಿಯಿಂದ, ಟೆಕ್ಸಸ್‌ಗೆ ಹೋದವರು ಗ್ಯಾಲ್ವೆಸ್ಟನ್‌ನಲ್ಲಿ ಇಳಿಯುತ್ತಿದ್ದರು. ಪಟ್ಟಿಯಲ್ಲಿ ಕಸುಬು ‘ರೈತ’ ಅಂತಿದ್ದರೆ ಇವನಲ್ಲ ಅಂತ ಬಿಟ್ಟುಬಿಡಬೇಡಿ. ಪೀಪಾಯಿ ಮಾಡುವವನು, ಬಡಗಿ, ಗಿರಣಿಯವನು ಅಂತಿದ್ದರೆ ಖುಷಿಪಡಿ, ಬ್ರೂವರಿಗೆ ಹೊಕ್ಕವರಲ್ಲಿ ಅಂಥವರು ಬಹಳ.

ಜನಗಣತಿಯಲ್ಲಿ ಒಂದೊಂದು ಸುತ್ತಿಗೂ ಬೇರೆ ಬೇರೆ ಉಪಯೋಗ. 1850ರಿಂದ 1870ರವರೆಗೆ ಸ್ಥಿರಾಸ್ತಿಯ ಬೆಲೆ ಬರೆದಿರುತ್ತಾರೆ, ಕಸುಬಿನ ಮುಂದೆ ‘ಬ್ರೂವರ್’ ಅಂತಷ್ಟೇ ಇದ್ದರೂ ಕೂಲಿಯೋ ಮಾಲೀಕನೋ ಅಂತ ಆ ಅಂಕಣ ಹೇಳಿಬಿಡುತ್ತದೆ. ಹುಟ್ಟಿದ ಜಾಗದಲ್ಲಿ ‘ಪ್ರಷ್ಯಾ’, ‘ಬಾಡೆನ್’, ‘ಹೆಸ್ಸೆ’ ಅಂತ ಕಂಡರೆ ಅದು ಬಂಗಾರ, ಯಾಕೆಂದರೆ 1871ಕ್ಕೆ ಮುಂಚೆ ಜರ್ಮನಿ ಅನ್ನುವ ಒಂದು ದೇಶವೇ ಇರಲಿಲ್ಲ. ಆಮೇಲಿನ ಗಣತಿಗಳಲ್ಲಿ ಎಲ್ಲ ಸೇರಿ ‘ಜರ್ಮನಿ’ ಅಂತಾಗಿ ಸುಳಿವು ಕಳೆದುಹೋಗುತ್ತದೆ. 1890ರ ಗಣತಿ 1921ರ ಬೆಂಕಿಯಲ್ಲಿ ಹಾಳಾಯಿತು, ಉಳಿದದ್ದು ಚೂರುಪಾರು ಮಾತ್ರ. ಐಸ್ ಮೆಷಿನ್ ಹುಚ್ಚು ಏರುತ್ತಿದ್ದ ಕಾಲದಲ್ಲೇ ಹೀಗೆ 1880ರಿಂದ 1900ರವರೆಗೆ ಇಪ್ಪತ್ತು ವರ್ಷದ ಕತ್ತಲು, ಹೊಟ್ಟೆ ಉರಿಯುತ್ತದೆ. 1900ರಲ್ಲಿ ವಲಸೆ ಬಂದ ವರ್ಷ, ಪೌರತ್ವ ಸಿಕ್ಕಿದೆಯೋ ಇಲ್ಲವೋ ಕೇಳಿದ್ದಾರೆ. 1910ರಲ್ಲಿ ಮಾಲೀಕನೋ, ನೌಕರನೋ, ಸ್ವಂತ ದುಡಿಮೆಯೋ ಅನ್ನುವ ಅಂಕಣವೂ ಇದೆ. ಮತ್ತೆ, ‘ಎಂಜಿನಿಯರ್’ ಅಂತ ಬರೆದದ್ದು ಕಂಡ ತಕ್ಷಣ ಕಾಲೇಜು ಹುಡುಕಲು ಹೋಗಬೇಡಿ. ಆ ಕಾಲದಲ್ಲಿ ಬಾಯ್ಲರ್, ಉಗಿ ಯಂತ್ರ ನೋಡಿಕೊಳ್ಳುವವನೂ ಎಂಜಿನಿಯರೇ, ಐಸ್ ಫ್ಯಾಕ್ಟರಿಯ ಜೀವ ಇರುತ್ತಿದ್ದದ್ದು ಅವನ ಕೈಯಲ್ಲಿ.

1906ಕ್ಕೆ ಮುಂಚಿನ ಪೌರತ್ವದ ಕಾಗದಗಳಲ್ಲಿ ವಿವರ ಕಡಿಮೆ, ಯಾವ ಕೋರ್ಟಿನಲ್ಲಿ ಬೇಕಾದರೂ ಮಾಡಿಸಿರಬಹುದು. ಆದರೂ ‘ಬಾಡೆನ್‌ನ ಗ್ರ್ಯಾಂಡ್ ಡ್ಯೂಕ್‌ಗೆ ಇದ್ದ ನಿಷ್ಠೆ ಬಿಡುತ್ತೇನೆ’ ಅಂತ ಒಂದು ಸಾಲು ಇರುತ್ತದಲ್ಲ, ಅದರಿಂದ ರಾಜ್ಯ ಗೊತ್ತಾಗುತ್ತದೆ. ದುಡ್ಡು ಕಂಡ ಮೇಲೆ ಊರಿಗೊಂದು ಸಲ ಹೋಗಿಬಂದವನಾದರೆ ಪಾಸ್‌ಪೋರ್ಟ್ ಅರ್ಜಿ ನೋಡಿ. ಹುಟ್ಟಿದ ಹಳ್ಳಿ, ಹತ್ತಿದ ಹಡಗು, ಬಂದ ತಾರೀಖು ಒಂದೇ ಹಾಳೆಯಲ್ಲಿ ಸಿಗುವುದು ಹೆಚ್ಚಾಗಿ ಅಲ್ಲೇ, ಮತ್ತು ಬ್ರೂವರಿ ಮಾಲೀಕರು ಹಾಗೆ ಹೋಗಿಬರುತ್ತಿದ್ದದ್ದು ಜಾಸ್ತಿ.

ವಿಮೆ ನಕ್ಷೆ: ಇಲ್ಲಿ ಸಮಯ ಕೊಡಿ

ಒಂದೇ ಒಂದು ದಾಖಲೆ ನೋಡಲು ಸಮಯ ಇದೆ ಅಂದರೆ ನಾನು ಸ್ಯಾನ್‌ಬರ್ನ್ ನಕ್ಷೆ ಅನ್ನುತ್ತೇನೆ. 1867ರಲ್ಲಿ ಶುರುವಾದ ಈ ಕಂಪನಿ ಬೆಂಕಿ ವಿಮೆ ಮಾರುವವರಿಗಾಗಿ ಅಮೆರಿಕದ ಸಾವಿರಾರು ಊರುಗಳ ನಕ್ಷೆ ಬರೆಯಿತು, ಸಾಮಾನ್ಯವಾಗಿ ಐವತ್ತು ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ. ಒಂದೊಂದು ಕಟ್ಟಡದ ಗೋಡೆ, ಅಂತಸ್ತು, ಒಳಗಿರುವ ಯಂತ್ರ ಎಲ್ಲವೂ ಅದರಲ್ಲಿದೆ. ಲೈಬ್ರರಿ ಆಫ್ ಕಾಂಗ್ರೆಸ್ ಇವನ್ನು ಬಿಟ್ಟಿಯಾಗಿ ನೆಟ್‌ನಲ್ಲಿ ಇಟ್ಟಿದೆ. ಗುಲಾಬಿ ಬಣ್ಣ ಅಂದರೆ ಇಟ್ಟಿಗೆ, ಹಳದಿ ಅಂದರೆ ಮರ, ನೀಲಿ ಅಂದರೆ ಕಲ್ಲು, ಬೂದು ಅಂದರೆ ಲೋಹ.

ಓದುವ ಬಗೆ ಹೀಗೆ. ಮೊದಲು ಊರಿನ ಸೂಚಿಯಲ್ಲಿ ಬ್ರೂವರಿ ಯಾವ ಹಾಳೆಯಲ್ಲಿದೆ ನೋಡಿ, ಆಮೇಲೆ ಅದೇ ಜಾಗವನ್ನು ಬೇರೆ ಬೇರೆ ವರ್ಷದ ನಕ್ಷೆಗಳಲ್ಲಿ ಪಕ್ಕಪಕ್ಕ ಇಟ್ಟುಕೊಳ್ಳಿ. ಮೊದಲ ನಕ್ಷೆಯಲ್ಲಿ ಒಂದು ಸಣ್ಣ ಕುದಿಸುವ ಮನೆ, ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ಒಣಗಿಸುವ ಗೂಡು, ಪಕ್ಕದಲ್ಲಿ ಹಳದಿ ಬಣ್ಣದ ದೊಡ್ಡ ಐಸ್‌ಹೌಸ್, ಕೆಳಗೆ ‘ಬಿಯರ್ ನೆಲಮಾಳಿಗೆ’ ಅಂತ ಬರಹ. ಐದು ವರ್ಷದ ನಂತರದ ನಕ್ಷೆಯಲ್ಲಿ ಗುಲಾಬಿ ಬಣ್ಣದ ಎಂಜಿನ್ ಮನೆ ಎದ್ದಿದೆ, ಅದರೊಳಗೆ ‘ಐಸ್ ಮೆಷಿನ್’ ಅಂತ ಬರೆದಿದೆ. ಅದರ ಮುಂದಿನದರಲ್ಲಿ ಹಳೆಯ ಐಸ್‌ಹೌಸೇ ಮಾಯ, ಆ ಜಾಗದಲ್ಲಿ ಐಸ್ ಟ್ಯಾಂಕು, ಬಾಟ್ಲಿಂಗ್ ಕಟ್ಟಡ, ರೈಲು ಹಳಿಯ ಒಂದು ಕವಲು. ಇಷ್ಟು ಕಂಡರೆ ಕೆರೆ ಐಸಿನಿಂದ ಮೆಷಿನ್ನಿಗೆ, ಊರಿನ ಗಿರಾಕಿಯಿಂದ ಪರಊರಿನ ಗಿರಾಕಿಗೆ ಅವನು ಯಾವ ಐದು ವರ್ಷದೊಳಗೆ ಹೊರಳಿದ ಅಂತ ನಿಮಗೆ ಗೊತ್ತಾದಂತೆಯೇ. ಪಕ್ಕದ ಸಣ್ಣ ಅಕ್ಷರವನ್ನೂ ಓದಿ: ರಾತ್ರಿ ಕಾವಲುಗಾರ ಇದ್ದಾನೋ, ದೀಪ ಎಣ್ಣೆಯದೋ ಕರೆಂಟಿನದೋ, ಉರುವಲು ಏನು. ‘ಸದ್ಯ ನಡೆಯುತ್ತಿಲ್ಲ’ ಅಂತ ಬರೆದಿರುವುದೂ ಉಂಟು, ಬೇರೆಲ್ಲೂ ಸಿಗದ ಸೋಲಿನ ಸುದ್ದಿ ಅದು. ಒಂದು ಎಚ್ಚರಿಕೆ, ಕೆಲವು ಪ್ರತಿಗಳಲ್ಲಿ ಹಳೆಯ ಹಾಳೆಯ ಮೇಲೆ ತಿದ್ದುಪಡಿಯ ಚೀಟಿ ಅಂಟಿಸಿರುತ್ತಾರೆ. ಮುಖಪುಟದ ಇಸವಿಯನ್ನೇ ಕಟ್ಟಡದ ಇಸವಿ ಅಂದುಕೊಳ್ಳಬೇಡಿ.

ಬ್ರೂವರಿಯ ಲೆಟರ್‌ಹೆಡ್ಡಿನ ಮೇಲಿನ ಚಿತ್ರವನ್ನು ಈ ನಕ್ಷೆಯ ಜೊತೆ ಹೋಲಿಸುವುದು ಒಂದು ಮಜಾ. ಚಿತ್ರದಲ್ಲಿ ನಾಲ್ಕು ಚಿಮಣಿ, ಬೀದಿ ತುಂಬ ಗಾಡಿ; ನಕ್ಷೆಯಲ್ಲಿ ಒಂದು ಚಿಮಣಿ, ಒಂದು ಲಾಯ.

ಟನ್ ಲೆಕ್ಕದಲ್ಲಿ ಎಡವಬೇಡಿ

ಹಳೆಯ ಪತ್ರಿಕೆಯಲ್ಲಿ ‘ಐವತ್ತು ಟನ್ನಿನ ಮೆಷಿನ್ ಬಂತು’ ಅಂತಿದ್ದರೆ ದಿನಕ್ಕೆ ಐವತ್ತು ಟನ್ ಐಸ್ ಅಂತ ಬರೆದುಬಿಡುತ್ತಾರೆ. ಹೆಚ್ಚಿನ ಸಲ ಅದು ತಪ್ಪು. ಒಂದು ಟನ್ ಐಸ್ ಒಂದು ದಿನದಲ್ಲಿ ಕರಗುವಾಗ ಎಷ್ಟು ತಂಪು ಕೊಡುತ್ತದೋ ಅಷ್ಟು ಕೆಲಸ ಮಾಡುವ ಮೆಷಿನ್ನಿಗೆ ಒಂದು ಟನ್ನಿನ ಮೆಷಿನ್ ಅಂತ ಹೆಸರು. ಅಲ್ಲಿನ ಟನ್ ಅಂದರೆ 2000 ಪೌಂಡ್, ಸುಮಾರು 907 ಕಿಲೋ. ಇವತ್ತು ಎಸಿ ಕೊಳ್ಳುವಾಗ ಒಂದೂವರೆ ಟನ್ ಅಂತೀವಲ್ಲ, ಅದು ಇದೇ ಲೆಕ್ಕದ ಮುಂದುವರಿಕೆ. ಆದರೆ ಐಸ್ ಮಾಡಬೇಕಾದರೆ ಮೊದಲು ನೀರನ್ನು ತಣಿಸಬೇಕು, ಆಮೇಲೆ ಗಟ್ಟಿ ಮಾಡಬೇಕು, ನಡುವೆ ಸೋರಿಹೋಗುವ ತಂಪು ಬೇರೆ. ಹಾಗಾಗಿ ಐವತ್ತು ಟನ್ ತಂಪಿನ ಮೆಷಿನ್ನಿಂದ ದಿನಕ್ಕೆ ಹುಟ್ಟುವ ಐಸ್ ಅದರ ಅರ್ಧ, ಇಲ್ಲಾ ಸ್ವಲ್ಪ ಜಾಸ್ತಿ. ಪತ್ರಿಕೆಯಲ್ಲಿ ಯಾವ ಟನ್ ಅಂತ ಬಿಡಿಸಿ ಹೇಳಿಲ್ಲದಿದ್ದರೆ ನೀವೂ ‘ಐವತ್ತು ಟನ್ನಿನ ಮೆಷಿನ್’ ಅಂತಷ್ಟೇ ಬರೆಯಿರಿ.

ಐಸ್ ಮಾಡುವ ಕ್ರಮವನ್ನೂ ತಿಳಿದುಕೊಂಡಿರಿ, ಬ್ರೂವರಿಯವನೇ ಐಸ್ ವ್ಯಾಪಾರಕ್ಕೆ ಯಾಕೆ ಇಳಿದ ಅನ್ನುವುದಕ್ಕೆ ಉತ್ತರ ಅದರಲ್ಲೇ ಇದೆ. ಕಂಪ್ರೆಸರ್ ಅಮೋನಿಯಾ ಅನಿಲವನ್ನು ಒತ್ತುತ್ತದೆ, ತಣ್ಣೀರು ಹರಿಯುವ ಪೈಪಿನ ಪಕ್ಕದಲ್ಲಿ ಅದು ದ್ರವವಾಗುತ್ತದೆ, ಮತ್ತೆ ಒತ್ತಡ ಇಳಿದಾಗ ಆವಿಯಾಗುತ್ತಾ ಸುತ್ತಲಿನ ಉಪ್ಪುನೀರಿನ ಶಾಖವನ್ನು ಎಳೆದುಕೊಳ್ಳುತ್ತದೆ. ಆ ಉಪ್ಪುನೀರಿನ ತೊಟ್ಟಿಯಲ್ಲಿ ಸಾಲಾಗಿ ಮುಳುಗಿಸಿದ ತಗಡಿನ ಡಬ್ಬಗಳು, ಡಬ್ಬದಲ್ಲಿ ಒಳ್ಳೆಯ ನೀರು. ಒಂದು ದೊಡ್ಡ ಗಡ್ಡೆ ಅಂದರೆ 300 ಪೌಂಡ್, 136 ಕಿಲೋ. ಸುಮ್ನೆ ಬಾವಿ ನೀರು ಹಾಕಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಗಡ್ಡೆ ಬೆಳ್ಳಗೆ ಮಂಕಾಗುತ್ತದೆ, ಗಿರಾಕಿಗೆ ಬೇಕಾದದ್ದು ಗಾಜಿನಂಥ ಐಸ್. ಅದಕ್ಕೆ ಉಗಿ ಯಂತ್ರದಿಂದ ಹೊರಬರುವ ಹಬೆಯನ್ನೇ ತಣಿಸಿ ಬಟ್ಟಿ ಇಳಿಸಿದ ನೀರು ಮಾಡಿ, ಎಣ್ಣೆ ಸೋಸಿ, ಮತ್ತೆ ಕುದಿಸಿ ಗಾಳಿ ತೆಗೆದು ಡಬ್ಬಕ್ಕೆ ತುಂಬುತ್ತಿದ್ದರು. ಈಗ ನೋಡಿ, ಬ್ರೂವರಿಯಲ್ಲಿ ಬಾಯ್ಲರ್ ಇದೆ, ಉಗಿ ಯಂತ್ರ ಇದೆ, ಕಂಪ್ರೆಸರ್ ಇದೆ, ಬಾವಿ ಇದೆ, ಕುದುರೆ ಗಾಡಿ ಇದೆ, ಬಿಯರ್ ಕೊಳ್ಳುವ ಬಾರಿನವನಿಗೆ ಐಸೂ ಬೇಕು. ಒಂದು ಟ್ಯಾಂಕು ಜಾಸ್ತಿ ಹಾಕಿದರೆ ಇನ್ನೊಂದು ವ್ಯಾಪಾರ! ಸೋಮಾರಿಯಾದರೂ ಈ ಲೆಕ್ಕ ಬಿಡುತ್ತಿರಲಿಲ್ಲ ಅಲ್ವಾ.

ಮೆಷಿನ್ ಆರ್ಡರುಗಳ ಸುದ್ದಿ ಸಿಗುವುದು ವ್ಯಾಪಾರದ ಪತ್ರಿಕೆಗಳಲ್ಲಿ. ಷಿಕಾಗೋದಿಂದ 1876ರಿಂದ ಬಂದ ‘ದ ವೆಸ್ಟರ್ನ್ ಬ್ರೂವರ್’, 1891ರಿಂದ ಬಂದ ‘ಐಸ್ ಆಂಡ್ ರೆಫ್ರಿಜರೇಷನ್’ ಎರಡರ ಹಳೆಯ ಸಂಪುಟಗಳು ಹಾತಿಟ್ರಸ್ಟ್, ಇಂಟರ್‌ನೆಟ್ ಆರ್ಕೈವ್ ಅನ್ನುವ ನೆಟ್ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಹೊಸ ಫ್ಯಾಕ್ಟರಿ, ಬೆಂಕಿ, ದಿವಾಳಿ, ಮದುವೆ, ಸಾವು ಎಲ್ಲವೂ ಒಂದೊಂದು ಸಾಲಿನಲ್ಲಿ. ಇಲ್ಲಿ ಹುಡುಕುವಾಗ ಮನುಷ್ಯನ ಹೆಸರಿಗಿಂತ ಊರಿನ ಹೆಸರು ಹಾಕಿದರೆ ಫಲ ಜಾಸ್ತಿ. ಮೆಷಿನ್ ಕಂಪನಿಗಳ ಕ್ಯಾಟಲಾಗಿನ ಹಿಂದೆ ಗಿರಾಕಿಗಳ ಪಟ್ಟಿ ಇರುತ್ತದೆ, ಡೆಲವೇರ್‌ನ ಹ್ಯಾಗ್ಲಿ ಗ್ರಂಥಾಲಯದಂಥ ಕಡೆ ಅವನ್ನು ಕೂಡಿಟ್ಟಿದ್ದಾರೆ. ಪೇಟೆಂಟುಗಳನ್ನೂ ನೋಡಿ, ದೊಡ್ಡ ಆವಿಷ್ಕಾರವೇ ಆಗಬೇಕಿಲ್ಲ. ಡಬ್ಬ ಎತ್ತುವ ಕೊಕ್ಕೆಗೂ ಪೀಪಾಯಿ ತೊಳೆಯುವ ಬ್ರಷ್ಷಿಗೂ ಪೇಟೆಂಟ್ ಮಾಡಿಸಿದವರಿದ್ದಾರೆ, ಅರ್ಜಿಯಲ್ಲಿ ಆ ದಿನ ಅವನಿದ್ದ ಊರು ಇರುತ್ತದೆ.

ಎರಡೂ ಕಸುಬು ಬೆರೆತ ಬದುಕು ಹೇಗಿರುತ್ತಿತ್ತು ಅಂತ ಮಾದರಿ ಬೇಕಿದ್ದರೆ ಜಾನ್ ಎವಾಲ್ಡ್ ಸೀಬೆಲ್‌ನನ್ನು ನೋಡಿ. ಡ್ಯುಸೆಲ್‌ಡಾರ್ಫ್ ಕಡೆಯವನು, 1845ರಲ್ಲಿ ಹುಟ್ಟಿದ್ದು, ಓದಿದ್ದು ರಸಾಯನಶಾಸ್ತ್ರ, 1866ರಲ್ಲಿ ಷಿಕಾಗೋಗೆ ಬಂದ. 1868ರಲ್ಲಿ ಪ್ರಯೋಗಶಾಲೆ ಹಾಕಿದ, ಆಮೇಲೆ ಬಿಯರ್ ಮಾಡುವುದನ್ನು ಕಲಿಸುವ ಶಾಲೆ ನಡೆಸಿದ, 1890ರ ದಶಕದಲ್ಲಿ ಐಸ್ ಮತ್ತು ತಂಪು ಯಂತ್ರಗಳ ಮೇಲೆ ಎಂಜಿನಿಯರುಗಳು ಜೇಬಿನಲ್ಲಿ ಇಟ್ಟುಕೊಳ್ಳುವಂಥ ಕೈಪಿಡಿಯನ್ನೂ ಬರೆದ. ನಿಮ್ಮ ಮನುಷ್ಯ ಇಂಥ ಶಾಲೆಯಲ್ಲಿ ಕಲಿತಿದ್ದರೆ ಅದರ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಸಿಗಬಹುದು.

ತೆರಿಗೆ, ಡೈರೆಕ್ಟರಿ, ಜರ್ಮನ್ ಪತ್ರಿಕೆ

1862ರಲ್ಲಿ ಯುದ್ಧದ ಖರ್ಚಿಗೆಂದು ಸರ್ಕಾರ ಬಿಯರಿನ ಮೇಲೆ ಪೀಪಾಯಿಗೆ ಒಂದು ಡಾಲರ್ ತೆರಿಗೆ ಹಾಕಿತು. ಪೀಪಾಯಿ ಅಂದರೆ 31 ಗ್ಯಾಲನ್, ಸುಮಾರು 117 ಲೀಟರ್. ಬ್ರೂವರಿ ಮಾಲೀಕರು ಸಂಘ ಕಟ್ಟಿಕೊಂಡದ್ದೂ ಆ ವರ್ಷವೇ, ಮೊದಮೊದಲ ಸಭೆಗಳು ನಡೆದದ್ದು ಜರ್ಮನ್ ಭಾಷೆಯಲ್ಲಿ. ಆ ತೆರಿಗೆ ಪಟ್ಟಿಗಳು ಉಳಿದಿವೆ. 1866ರಲ್ಲಿ ಪೀಪಾಯಿಗೆ ಸ್ಟಾಂಪ್ ಅಂಟಿಸುವ ಪದ್ಧತಿ ಬರುವ ಮುಂಚಿನ ವರ್ಷಗಳಲ್ಲಿ ತಿಂಗಳ ಲೆಕ್ಕ ಸಿಕ್ಕಿದರೆ ಜುಲೈ, ಆಗಸ್ಟ್ ಸಾಲುಗಳನ್ನು ನೋಡಿ. ಬೇಸಿಗೆಯಲ್ಲೂ ಬಿಯರ್ ಹೊರಟಿದೆ ಅಂದರೆ ಅವನ ಹತ್ತಿರ ಆಳದ ನೆಲಮಾಳಿಗೆಯೋ ಐಸೋ ಎರಡರಲ್ಲಿ ಒಂದು ಇರಲೇಬೇಕು. 1850ರಿಂದ 1880ರವರೆಗಿನ ಗಣತಿಯ ಜೊತೆಗೆ ಕೈಗಾರಿಕೆಗಳ ಪಟ್ಟಿಯೂ ಇದೆ, ವರ್ಷಕ್ಕೆ 500 ಡಾಲರಿಗಿಂತ ಜಾಸ್ತಿ ಮಾಲು ಮಾಡಿದವರದು. ಎಷ್ಟು ಬಾರ್ಲಿ ಕೊಂಡ, ಎಷ್ಟು ಜನರನ್ನು ಇಟ್ಟುಕೊಂಡಿದ್ದ, ಕುದುರೆಯಿಂದ ತಿರುಗುವ ಯಂತ್ರವೋ ಉಗಿಯದೋ ಅಂತೆಲ್ಲ ಅದರಲ್ಲಿದೆ.

1890ರ ಕತ್ತಲನ್ನು ದಾಟಿಸುವುದು ಊರಿನ ಡೈರೆಕ್ಟರಿ, ಅಂದರೆ ಊರಿನವರ ಹೆಸರು, ಕಸುಬು, ವಿಳಾಸ ಅಚ್ಚು ಹಾಕಿದ ಪುಸ್ತಕ. ವರ್ಷ ವರ್ಷದ್ದನ್ನೂ ಬಿಡದೆ ನೋಡಿ. ಮೊದಲು ಬ್ರೂವರಿಯ ವಿಳಾಸದಲ್ಲೇ ಊಟ-ವಸತಿ, ಕೆಲಸದ ಹುಡುಗರು ಹಾಗೇ ಇರುತ್ತಿದ್ದರು. ಆಮೇಲೆ ಫೋರ್‌ಮನ್, ಆಮೇಲೆ ಪಾಲುದಾರ, ಆಮೇಲೆ ದಪ್ಪ ಅಕ್ಷರದ ಜಾಹೀರಾತು. ಒಂದು ವರ್ಷ ಹೆಂಡತಿಯ ಹೆಸರಿನ ಮುಂದೆ ‘ವಿಧವೆ’ ಅಂತ ಕಂಡರೆ ಹಿಂದಿನ ವರ್ಷದ ಪತ್ರಿಕೆಯಲ್ಲಿ ಸಾವಿನ ಸುದ್ದಿ ಹುಡುಕಿ.

ಆ ಸುದ್ದಿ ಇಂಗ್ಲಿಷ್ ಪತ್ರಿಕೆಯಲ್ಲಿ ಎರಡು ಸಾಲಾದರೆ ಜರ್ಮನ್ ಪತ್ರಿಕೆಯಲ್ಲಿ ಅರ್ಧ ಪುಟ ಇರಬಹುದು. ಸೇಂಟ್ ಲೂಯಿಸ್‌ನ ‘ಆಂಟ್ಸೈಗರ್ ಡೆಸ್ ವೆಸ್ಟೆನ್ಸ್’ 1835ರಷ್ಟು ಹಳೆಯದು, ಅಂಥವು ನೂರಾರು ಇದ್ದವು. ತೊಂದರೆ ಏನೆಂದರೆ ಅಚ್ಚಾಗಿರುವುದು ಫ್ರಾಕ್ಟುರ್ ಅನ್ನುವ ಹಳೆಯ ಜರ್ಮನ್ ಅಚ್ಚಿನ ಲಿಪಿಯಲ್ಲಿ, ಅದರ ಉದ್ದನೆಯ ‘ಎಸ್’ ಅಕ್ಷರವನ್ನು ಕಂಪ್ಯೂಟರು ‘ಎಫ್’ ಅಂತ ಓದಿಕೊಂಡಿರುತ್ತದೆ. ಹೆಸ್ಸೆ ಅನ್ನುವವನು ಹೆಫ್ಫೆ ಆಗಿ ಕೂತಿರುತ್ತಾನೆ. ಹಾಗೇ ಹುಡುಕಿ, ಸಿಗುತ್ತಾನೆ.

‘ಮೊದಲಿಗ’ ಅನ್ನುವ ಮಾತು

1880ರ ದಶಕದಿಂದ ಪ್ರತಿ ಕೌಂಟಿಗೂ (ನಮ್ಮ ಜಿಲ್ಲೆಯ ಥರ) ಒಂದು ದಪ್ಪ ಚರಿತ್ರೆ ಪುಸ್ತಕ ಬಂತು, ಅದರಲ್ಲಿ ಊರಿನ ಗಣ್ಯರ ಬದುಕಿನ ಕಥೆಗಳು. ಮುಂಗಡ ಕೊಟ್ಟು ಪುಸ್ತಕ ಕೊಳ್ಳಲು ಒಪ್ಪಿದವರಿಗೆ ಅದರಲ್ಲಿ ಜಾಗ, ಭಾವಚಿತ್ರಕ್ಕೆ ಬೇರೆ ಕಾಸು. ಕಥೆ ಹೇಳಿದವನೇ ಕಥಾನಾಯಕ ಅಂದಮೇಲೆ ಅದರಲ್ಲಿ ಸೋಲು ಇರುತ್ತದೆಯೇ? ಅದನ್ನು ಸುಳಿವಿಗೆ ಬಳಸಿ, ಪುರಾವೆಗೆ ಬೇಡ. ‘ರಾಜ್ಯದ ಮೊದಲ ಐಸ್ ಫ್ಯಾಕ್ಟರಿ’ ಅನ್ನುವಲ್ಲಂತೂ ಇನ್ನೂ ಹುಷಾರು. ಬ್ರೂವರಿಯೊಳಗೆ ಮೊದಲು ಮೆಷಿನ್ ಹಾಕಿದ್ದು ಬ್ರೂಕ್ಲಿನ್‌ನ ಲೀಬ್‌ಮನ್ ಅಂತ ಕೆಲವರು ಬರೆದರೆ ನ್ಯೂ ಆರ್ಲಿಯನ್ಸ್ ಕಡೆ ಬೊಟ್ಟು ಮಾಡುವವರೂ ಇದ್ದಾರೆ. ಇಷ್ಟು ದೊಡ್ಡ ಬ್ರೂವರಿಗಳದ್ದೇ ಜಗಳ ಬಗೆಹರಿದಿಲ್ಲ. ಐಸ್ ಮಾರಲು ಮಾಡಿದ ಮೊದಲಿಗನೋ, ನೆಲಮಾಳಿಗೆ ತಣಿಸಲು ಹಾಕಿದ ಮೊದಲಿಗನೋ, ಕಂಪ್ರೆಸರ್ ತಂದ ಮೊದಲಿಗನೋ, ಯಾವುದು ಅಂತ ಬಿಡಿಸಿ ನೋಡಿದರೆ ಅರ್ಧ ಜಗಳ ತಾನಾಗಿ ಕರಗುತ್ತದೆ.

ಅವನು ಇದ್ದಕ್ಕಿದ್ದಂತೆ ಕಾಣೆಯಾದರೆ

ಕಾರಣ ಹೆಚ್ಚಾಗಿ ಕಾನೂನು. ಇಡೀ ದೇಶದಲ್ಲಿ ಪಾನನಿಷೇಧ ಜಾರಿಗೆ ಬಂದದ್ದು 1920ರ ಜನವರಿಯಲ್ಲಿ, ಆದರೆ ಕಾನ್ಸಾಸ್‌ನಲ್ಲಿ 1881ರಲ್ಲೇ ಬಂದಿತ್ತು, ಜಾರ್ಜಿಯಾದಲ್ಲಿ 1908ರಲ್ಲಿ. ಒಕ್ಲಹೋಮ 1907ರಲ್ಲಿ ರಾಜ್ಯವಾದಾಗಲೇ ಮದ್ಯ ಇರಲಿಲ್ಲ. ಅಂಥ ವರ್ಷದಲ್ಲಿ ಅವನು ಪಕ್ಕದ ರಾಜ್ಯದ ಡೈರೆಕ್ಟರಿಯಲ್ಲಿ ಸಿಗಬಹುದು. ಇಲ್ಲವೇ ಅದೇ ಊರಲ್ಲಿ, ಅದೇ ಕಟ್ಟಡದಲ್ಲಿ, ಕಂಪನಿ ಹೆಸರಿನಿಂದ ‘ಬ್ರೂಯಿಂಗ್’ ಬಿದ್ದುಹೋಗಿ ‘ಐಸ್’ ಮಾತ್ರ ಉಳಿದಿರಬಹುದು. ಇನ್ನೊಂದು ಕಾರಣ ವಿಲೀನ: 1889ರಲ್ಲಿ ಸೇಂಟ್ ಲೂಯಿಸ್‌ನ ಹದಿನೆಂಟು ಬ್ರೂವರಿಗಳು ಒಂದೇ ಕಂಪನಿಯ ಕೆಳಗೆ ಸೇರಿದವು, ಮಾಲೀಕರ ಹೆಸರುಗಳು ಬೋರ್ಡಿನಿಂದ ಇಳಿದವು. ಮೂರನೆಯದು 1917-18, ಜರ್ಮನಿಯ ಮೇಲಿನ ಯುದ್ಧದ ಸಿಟ್ಟಿನಲ್ಲಿ ಜನ ಹೆಸರು ಬದಲಿಸಿಕೊಂಡ ಕಾಲ. ಪೌರತ್ವ ತೆಗೆದುಕೊಳ್ಳದ ಜರ್ಮನ್ನರನ್ನು 1918ರಲ್ಲಿ ‘ಶತ್ರು ದೇಶದವರು’ ಅಂತ ನೋಂದಾಯಿಸಿದರು. ಕೆಲವು ಕಡೆ ಆ ಫಾರಂಗಳು ಫೋಟೋ, ಬೆರಳಚ್ಚಿನ ಸಮೇತ ಉಳಿದಿವೆ.

ಪಾನನಿಷೇಧದ ವರ್ಷಗಳಲ್ಲಿ ಬ್ರೂವರಿಗಳನ್ನು ಉಳಿಸಿದ್ದರಲ್ಲಿ ಐಸ್ ಕೂಡ ಒಂದು. ಟೆಕ್ಸಸ್‌ನ ಷೈನರ್ ಊರಿನಲ್ಲಿ ಬವೇರಿಯಾದ ಕಾಸ್ಮೋಸ್ ಸ್ಪೋಟ್ಜಲ್ ಐಸ್ ಮಾರಿ, ಅಮಲಿಲ್ಲದ ಬಿಯರ್ ಮಾಡಿ ಬಾಗಿಲು ತೆರೆದಿಟ್ಟ. ಸ್ಯಾನ್ ಆಂಟೋನಿಯೋದಲ್ಲಿ ಗಂಡ ಸತ್ತ ಮೇಲೆ ಎಮ್ಮಾ ಕೊಯ್ಲರ್ ಐಸ್, ಬಟ್ಟೆ ಶುಚಿ ಮಾಡುವುದು, ಕಾರು ರಿಪೇರಿ ಅಂತ ಏನೇನೋ ಮಾಡಿ ದೊಡ್ಡ ಬ್ರೂವರಿಯೊಂದನ್ನು ನಿಷೇಧ ಮುಗಿದ 1933ರವರೆಗೆ ಎಳೆದುತಂದಳು. ಆ ಹೊತ್ತಿಗೆ ಮನೆಗಳಿಗೆ ಕರೆಂಟಿನ ಫ್ರಿಜ್ ಬರತೊಡಗಿತ್ತು, ಮುಂದೆ ಐಸ್ ಗಾಡಿಯ ವ್ಯಾಪಾರವನ್ನು ಅದು ತಿಂದುಹಾಕಿತು. ಹಾಗಾಗಿ 1920ರ ನಂತರ ಹುಡುಕುವಾಗ ‘ಬಿಯರ್’ ಅನ್ನುವ ಪದವನ್ನೇ ಬಿಟ್ಟು ‘ಐಸ್’, ‘ಕೋಲ್ಡ್ ಸ್ಟೋರೇಜ್’, ‘ಕಲ್ಲಿದ್ದಲು’ ಅಂತ ಹಾಕಿ. ಬೇಸಿಗೆಯಲ್ಲಿ ಐಸ್ ಮಾರುವವನೇ ಚಳಿಗಾಲದಲ್ಲಿ ಕಲ್ಲಿದ್ದಲು ಮಾರುತ್ತಿದ್ದ.

ಕೊನೆಗೆ ಕಟ್ಟಡ ಉಳಿದಿದೆಯೇ ನೋಡಿ. ಬುಷ್ ಬಂಡವಾಳ ಹಾಕಿದ್ದ ಸ್ಯಾನ್ ಆಂಟೋನಿಯೋದ ಲೋನ್ ಸ್ಟಾರ್ ಬ್ರೂವರಿ 1981ರಲ್ಲಿ ಕಲಾ ಸಂಗ್ರಹಾಲಯವಾಯಿತು, ಇಟ್ಟಿಗೆ ಗೋಡೆಗಳು ಹಾಗೇ ಇವೆ. ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿದ ಕಟ್ಟಡವಾದರೆ ಅದರ ಅರ್ಜಿ ನೆಟ್‌ನಲ್ಲಿ ಸಿಗುತ್ತದೆ. ಜಮೀನು ಯಾರಿಂದ ಯಾರಿಗೆ ಹೋಯಿತು, ಯಾವ ಭಾಗ ಯಾವಾಗ ಕಟ್ಟಿದ್ದು ಅಂತ ಯಾರೋ ಕಷ್ಟಪಟ್ಟು ಬರೆದಿರುತ್ತಾರೆ. ಅರ್ಜಿ ಹಾಕಿದವರಿಗೆ ಕಟ್ಟಡ ಪಟ್ಟಿಗೆ ಸೇರಲಿ ಅನ್ನುವ ಆಸೆ ಇರುತ್ತದೆ, ಅಲ್ಲೂ ‘ಮೊದಲ’ ಅನ್ನುವ ಪದ ಕಂಡರೆ ನಕ್ಷೆಯ ಜೊತೆ ಒಂದು ಸಲ ತಾಳೆ ನೋಡಿ.